ಬೆಳಗಾವಿಯ ಟ್ರಾಫಿಕ್: ದಟ್ಟಣೆಯ ಖರ್ಚು ಮತ್ತು ಅದನ್ನು ಇಳಿಸುವ ದಾರಿ — ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ರಸ್ತೆಗಳಲ್ಲಿ ದಿನಾ ಓಡಾಡುವವರು, ಅಂಗಡಿಕಾರರು, ಶಾಲೆಗೆ ಮಕ್ಕಳನ್ನು ಬಿಡುವವರು, ವಾರ್ಡ್ ಸಭೆಗಳಲ್ಲಿ ಮಾತನಾಡುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಲೆಕ್ಕ ಕೊಟ್ಟಿರುವ ಕಡೆ ನಿಮ್ಮದೇ ಅಂಕಿ ಹಾಕಿ ನೋಡಬಹುದು.

ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ನನಗೆ ಎಷ್ಟು ಖರ್ಚು ಬೀಳುತ್ತದೆ?

ನೀವು ಊಹಿಸಿರುವುದಕ್ಕಿಂತ ಹೆಚ್ಚು. ದಿನಕ್ಕೆ ಹೋಗುವಾಗ, ಬರುವಾಗ ಸೇರಿ 15 ನಿಮಿಷ ಸುಮ್ಮನೆ ನಿಲ್ಲುತ್ತೀರಿ ಎನ್ನೋಣ. ವರ್ಷಕ್ಕೆ 300 ಕೆಲಸದ ದಿನ ಹಿಡಿದರೆ 75 ಗಂಟೆ. ನಿಮ್ಮ ದುಡಿಮೆ ಗಂಟೆಗೆ 75 ರೂಪಾಯಿ ಎಂದುಕೊಂಡರೂ 5,625 ರೂಪಾಯಿಯ ಸಮಯ ಹೋಯಿತು. ನಿಂತಲ್ಲೇ ಎಂಜಿನ್ ಓಡುತ್ತಿದ್ದರೆ ಪೆಟ್ರೋಲ್ ಕಾರು ಗಂಟೆಗೆ ಸುಮಾರು 0.6ರಿಂದ 0.8 ಲೀಟರ್ ಕುಡಿಯುತ್ತದೆ, ಎ.ಸಿ. ಹಾಕಿದ್ದರೆ ಇನ್ನೂ ಜಾಸ್ತಿ. ಅಲ್ಲಿಗೆ ವರ್ಷಕ್ಕೆ 50 ಲೀಟರ್ ಆಸುಪಾಸು. ಸ್ಕೂಟರ್‌ನ ಖರ್ಚು ಇದರ ನಾಲ್ಕನೇ ಒಂದು ಭಾಗದಷ್ಟು. ಕ್ಲಚ್ ಮತ್ತು ಬ್ರೇಕ್ ಲೈನಿಂಗ್ ಸವೆತ ಬೇರೆ.

ನಿಮ್ಮ ಜೇಬಿನಿಂದ ಹೋಗುವುದು ಇಷ್ಟು. ನೀವು ಬೇರೆಯವರ ಮೇಲೆ ಹೊರಿಸುವ ಖರ್ಚು ಇದರಲ್ಲಿಲ್ಲ. ನಿಮ್ಮ ಹಿಂದೆ ನಿಂತ ಆಂಬುಲೆನ್ಸ್, ತಡವಾದ ಬಸ್ಸು, ಬೋಗಾರ್‌ವೇಸ್‌ನಲ್ಲಿ ಇಡೀ ದಿನ ಹೊಗೆ ಕುಡಿಯುವ ಹೂವಿನವರು, ಇವರ ಪಾಲು ಯಾರ ಲೆಕ್ಕದಲ್ಲೂ ಬರುವುದಿಲ್ಲ. ದಟ್ಟಣೆ ತಾನಾಗಿ ಕರಗದೇ ಇರಲು ದೊಡ್ಡ ಕಾರಣವೂ ಅದೇ.

ವಾಹನ ಸ್ವಲ್ಪವೇ ಹೆಚ್ಚಾದರೂ ಇಷ್ಟು ದೊಡ್ಡ ಜಾಮ್ ಏಕೆ ಆಗುತ್ತದೆ?

ಒಂದು ವೃತ್ತ ಒಂದು ದಿಕ್ಕಿನಿಂದ ನಿಮಿಷಕ್ಕೆ 30 ವಾಹನ ದಾಟಿಸಬಲ್ಲದು ಎಂದುಕೊಳ್ಳಿ. ಬರುತ್ತಿರುವುದು 33. ನಿಮಿಷಕ್ಕೆ ಮೂರು ಮಾತ್ರ ಉಳಿಯುತ್ತವೆ. ಆದರೆ ಉಳಿದದ್ದು ಉಳಿದೇ ಇರುತ್ತದೆ: 20 ನಿಮಿಷಕ್ಕೆ 60, 40 ನಿಮಿಷಕ್ಕೆ 120 ವಾಹನಗಳ ಸಾಲು. ಕೊನೆಯಲ್ಲಿ ಬಂದವನು 4 ನಿಮಿಷ ಹೆಚ್ಚು ಕಾಯುತ್ತಾನೆ. ಅಷ್ಟರಲ್ಲಿ ಸಾಲಿನ ಬಾಲ ಹಿಂದಿನ ವೃತ್ತಕ್ಕೆ ಮುಟ್ಟಿರುತ್ತದೆ, ಈ ರಸ್ತೆಗೆ ಬರಬೇಕಾಗೇ ಇಲ್ಲದವರೂ ಅಲ್ಲಿ ನಿಲ್ಲುತ್ತಾರೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. 33ರಲ್ಲಿ ಹತ್ತರಲ್ಲೊಂದು ಪಾಲು ಕಡಿಮೆಯಾದರೆ ಬರುವುದು 30ಕ್ಕಿಂತ ತುಸು ಕೆಳಗೆ, ಸಾಲು ಕಟ್ಟುವುದೇ ಇಲ್ಲ. ಶಾಲೆಗೆ ರಜೆ ಇರುವ ದಿನ ಕ್ಯಾಂಪ್ ರಸ್ತೆ ಹಗುರವಾಗುವುದು ಹೀಗೆಯೇ. ಎಲ್ಲರೂ ಕಾರು ಬಿಡಬೇಕಾಗಿಲ್ಲ. ಆ ಒಂದು ಗಂಟೆಯಲ್ಲಿ ಹತ್ತರಲ್ಲಿ ಒಬ್ಬರು ಬೇರೆ ದಾರಿ, ಬೇರೆ ಹೊತ್ತು ಅಥವಾ ಬೇರೆ ವಾಹನ ಆರಿಸಿಕೊಂಡರೂ ಸಾಕು.

ರಸ್ತೆ ಅಗಲ ಮಾಡಿದರೆ ಮುಗಿಯಲಿಲ್ಲವೇ?

ಊರೊಳಗಿನ ರಸ್ತೆ ಎಷ್ಟು ವಾಹನ ಸಾಗಿಸಬಲ್ಲದು ಎಂಬುದನ್ನು ನಿರ್ಧರಿಸುವುದು ಅದರ ಬಾಯಿ, ಅಂದರೆ ವೃತ್ತಕ್ಕೆ ಸೇರುವ ಕೊನೆಯ 50–70 ಮೀಟರ್. ನಡುವಿನಲ್ಲಿ ಎಷ್ಟೇ ಅಗಲ ಮಾಡಿದರೂ ಬಾಯಿ ಇಕ್ಕಟ್ಟಾಗಿದ್ದರೆ ಹೆಚ್ಚಿದ ಅಗಲದಲ್ಲಿ ಪಾರ್ಕಿಂಗ್ ಬೆಳೆಯುತ್ತದೆ, ಅಷ್ಟೇ.

ಇದನ್ನು ಸೆಕೆಂಡುಗಳಲ್ಲಿ ಹಿಡಿಯಬಹುದು. ಹಸಿರು ಬಿದ್ದ ಮೇಲೆ ಒಂದು ಲೇನ್‌ನಿಂದ ಸುಮಾರು 2 ಸೆಕೆಂಡಿಗೆ ಒಂದು ಕಾರು ದಾಟುತ್ತದೆ. 25 ಸೆಕೆಂಡ್ ಹಸಿರಿಗೆ 12 ಕಾರು. ಅವು ಸಾಲಾಗಿ ನಿಲ್ಲಲು, ಒಂದಕ್ಕೆ 6 ಮೀಟರ್‌ನಂತೆ, 72 ಮೀಟರ್ ಬೇಕು. ಈಗ ನಿಲುಗೆರೆಯಿಂದ 20 ಮೀಟರ್ ಹಿಂದೆ ಎಡಬದಿಗೆ ಒಂದೇ ಒಂದು ಕಾರು ನಿಲ್ಲಿಸಿದ್ದಾರೆ ಎನ್ನಿ. ಅದರ ಮುಂದೆ ಮೂರು ಕಾರಿಗೆ ಮಾತ್ರ ಜಾಗ. ಹಸಿರು ಬಿದ್ದ ಆರೇಳು ಸೆಕೆಂಡಿಗೆ ಆ ಲೇನ್ ಖಾಲಿ. ಉಳಿದ 18 ಸೆಕೆಂಡ್ ಹಸಿರು ಬಹುಪಾಲು ಪೋಲು. ಒಬ್ಬರು ಐದು ನಿಮಿಷ ಪಾರ್ಸೆಲ್ ತರಲು ಹೋದದ್ದಕ್ಕೆ ಒಂದು ಲೇನ್‌ನ ಮುಕ್ಕಾಲು ಶಕ್ತಿ ಹೋಯಿತು. ಅದಕ್ಕೇ ನಮ್ಮ ಮೊದಲ ಸಲಹೆ ಯಾವಾಗಲೂ ಒಂದೇ: ಕಟ್ಟಡ ಒಡೆಯುವ ಮೊದಲು ವೃತ್ತದ ಬಾಯಿ ಬಿಡಿಸಿ. ಬಣ್ಣ, ಕೋನ್, ಎರಡು ಫಲಕ, ಬೆಳಿಗ್ಗೆ ಮತ್ತು ಸಂಜೆ ಒಬ್ಬ ಸಿಬ್ಬಂದಿ. ಮಳೆಗಾಲಕ್ಕೆ ಮುಂಚೆ ಅದೇ 70 ಮೀಟರ್‌ನಲ್ಲಿ ಗುಂಡಿ ಮುಚ್ಚಿದರೂ ಹಸಿರಿನ ಹಲವು ಸೆಕೆಂಡು ಉಳಿಯುತ್ತವೆ. ನಡುರಸ್ತೆಯ ಗುಂಡಿಗಿಂತ ವೃತ್ತದ ಬಾಯಲ್ಲಿನ ಗುಂಡಿ ಹೆಚ್ಚು ಜನರನ್ನು ತಡೆಯುತ್ತದೆ.

ಯಾವ ವಾಹನ ರಸ್ತೆಯಲ್ಲಿ ಎಷ್ಟು ಜಾಗ ತಿನ್ನುತ್ತದೆ?

ಎಂಜಿನಿಯರುಗಳು ಇದಕ್ಕೆ ‘ಕಾರಿನ ಸಮಾನ’ ಅಳತೆ ಬಳಸುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್‌ನ 1990ರ ನಗರ ರಸ್ತೆ ಮಾರ್ಗಸೂಚಿಯಂತೆ ಕಾರು 1 ಎಂದರೆ ದ್ವಿಚಕ್ರ ವಾಹನ 0.5ರಿಂದ 0.75, ಆಟೋ 1.2ರಿಂದ 2, ಬಸ್ಸು ಅಥವಾ ಲಾರಿ 2.2ರಿಂದ 3.7, ಟ್ರೇಲರ್ ಸಹಿತ ಟ್ರ್ಯಾಕ್ಟರ್ 4ರಿಂದ 5, ಸೈಕಲ್ 0.4–0.5, ಕೈಗಾಡಿ 2–3. ಒಟ್ಟು ವಾಹನಗಳಲ್ಲಿ ಆ ಬಗೆಯ ಪಾಲು ಹೆಚ್ಚಿದಷ್ಟೂ ದೊಡ್ಡ ಅಂಕಿ ಹಿಡಿಯಬೇಕು.

50 ಜನರನ್ನು ಸಾಗಿಸಿ ನೋಡಿ. ಒಂದು ಬಸ್ಸಿಗೆ ಹೆಚ್ಚೆಂದರೆ ನಾಲ್ಕು ಕಾರಿನಷ್ಟು ರಸ್ತೆ. ಅದೇ ಜನ ಕಾರಿಗೆ ಇಬ್ಬರಂತೆ ಹೋದರೆ 25. ನಾಲ್ಕು ಬೈಕಿಗೆ ಐವರಂತೆ 40 ಬೈಕುಗಳಲ್ಲಿ ಹೋದರೆ 20ರಿಂದ 30. ಬೈಕು ಚಿಕ್ಕದು, ಅದರಿಂದೇನು ಜಾಮ್ ಎನ್ನುವವರು ಈ ಕೊನೆಯ ಅಂಕಿಯನ್ನು ಗಮನಿಸಬೇಕು. ಜನರನ್ನು ಸಾಗಿಸಬೇಕು, ವಾಹನಗಳನ್ನಲ್ಲ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳುವುದರ ಹಿಂದಿರುವುದು ಇದೇ ಗಣಿತ.

ರಾಣಿ ಚೆನ್ನಮ್ಮ ವೃತ್ತದಂಥ ಕಡೆ ಸಿಗ್ನಲ್ ಹೊತ್ತು ಹೆಚ್ಚಿಸಿದರೆ ಸರಿಹೋಗುವುದಿಲ್ಲವೇ?

ಒಂದು ದಿಕ್ಕಿಗೆ ಹೆಚ್ಚಿಸಿದರೆ ಇನ್ನೊಂದಕ್ಕೆ ಕೆಂಪು ಹೆಚ್ಚುತ್ತದೆ. ಎಲ್ಲ ದಿಕ್ಕಿಗೂ ಒಮ್ಮೆ ಹಸಿರು ಬಂದು ಮುಗಿದರೆ ಒಂದು ಸುತ್ತು. ಈ ಸುತ್ತಿನ ಅವಧಿಗೆ ಬ್ರಿಟನ್ನಿನ ಸಂಚಾರ ಸಂಶೋಧಕ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಪ್ರತಿ ಸುತ್ತಿನಲ್ಲಿ ಪೋಲಾಗುವ ಸೆಕೆಂಡುಗಳನ್ನು ಒಂದೂವರೆಯಿಂದ ಗುಣಿಸಿ, 5 ಕೂಡಿಸಿ. ರಸ್ತೆಯ ಶಕ್ತಿಯಲ್ಲಿ ಬಳಕೆಯಾಗದೆ ಉಳಿದ ಪಾಲಿನಿಂದ ಭಾಗಿಸಿ.

ನಾಲ್ಕು ದಿಕ್ಕಿಗೆ ನಾಲ್ಕು ಸರದಿ, ಪ್ರತಿ ಸರದಿಯ ಬದಲಾವಣೆಗೆ 4 ಸೆಕೆಂಡ್ ಪೋಲು ಎಂದರೆ ಒಟ್ಟು 16. ಅದನ್ನು ಒಂದೂವರೆಯಿಂದ ಗುಣಿಸಿ 5 ಕೂಡಿಸಿದರೆ 29. ವೃತ್ತದ ಶಕ್ತಿಯಲ್ಲಿ ಶೇ. 70 ಬಳಕೆಯಾಗಿದ್ದರೆ 29ನ್ನು 0.3ರಿಂದ ಭಾಗಿಸಿ: 97 ಸೆಕೆಂಡ್ ಸುತ್ತು. ಶೇ. 80ಕ್ಕೆ 145. ಶೇ. 90ಕ್ಕೆ 290, ಅಂದರೆ ಐದು ನಿಮಿಷಕ್ಕೆ ಹತ್ತು ಸೆಕೆಂಡ್ ಕಡಿಮೆ. ಅಷ್ಟು ಹೊತ್ತು ಯಾರೂ ತಾಳುವುದಿಲ್ಲ. ಕೆಂಪಿನಲ್ಲೇ ನುಗ್ಗುತ್ತಾರೆ, ಪಾದಚಾರಿಗಳು ಸಂದು ಸಿಕ್ಕಲ್ಲಿ ಓಡುತ್ತಾರೆ. 120 ಸೆಕೆಂಡ್ ಮೀರಿದರೆ ಸಿಗ್ನಲ್ ಪೆಟ್ಟಿಗೆ ತಿರುವುವುದನ್ನು ಬಿಟ್ಟು ಬೇರೆ ದಾರಿ ನೋಡಬೇಕು.

ಆ ದಾರಿ ಎಂದರೆ ಸರದಿ ಕಡಿಮೆ ಮಾಡುವುದು. ದಟ್ಟಣೆಯ ಹೊತ್ತಿನಲ್ಲಿ ಒಂದು ಬಲತಿರುವು ನಿಲ್ಲಿಸಿ, ಮುಂದೆ ಹೋಗಿ ತಿರುಗಿ ಬರುವಂತೆ ಮಾಡಿ ಮೂರು ಸರದಿಗೆ ಇಳಿಸಿದರೆ ಪೋಲು 12ಕ್ಕೆ ಇಳಿಯುತ್ತದೆ. ಶೇ. 70ರ ಬಳಕೆಗೇ ಸುತ್ತು 97ರ ಬದಲು 77 ಸೆಕೆಂಡ್. ಆದರೆ ತಿರುಗುವ ಜಾಗದಲ್ಲಿ ಬಸ್ಸು ಒಂದೇ ಏಟಿಗೆ ತಿರುಗುವಷ್ಟು ಅಗಲ ಇರಲೇಬೇಕು. ಇಲ್ಲವಾದರೆ ಜಾಮ್ ವೃತ್ತದಿಂದ ಅಲ್ಲಿಗೆ ಜಾಗ ಬದಲಿಸುತ್ತದೆ.

ಕಾಲ್ನಡಿಗೆಯವರ ಹಸಿರನ್ನು ಮಾತ್ರ ಕತ್ತರಿಸಬೇಡಿ. 14 ಮೀಟರ್ ರಸ್ತೆ ದಾಟಲು ಚುರುಕಾದವರಿಗೆ 12 ಸೆಕೆಂಡ್ ಸಾಕು, ವಯಸ್ಸಾದವರಿಗೆ 17–18 ಬೇಕು.

ಟಿಳಕವಾಡಿಯ ರೈಲ್ವೆ ಗೇಟು ತೆರೆದ ಮೇಲೂ ಐದು ನಿಮಿಷ ಜಾಮ್ ಏಕೆ?

ಗೇಟು ಬಿದ್ದಾಗ ಎರಡೂ ಕಡೆಯ ಬೈಕು, ಆಟೋಗಳು ರಸ್ತೆಯ ಪೂರ್ತಿ ಅಗಲ ತುಂಬಿ ನಿಲ್ಲುತ್ತವೆ. ಗೇಟು ಎದ್ದಾಗ ಎರಡು ಗುಂಪು ಹಳಿಗಳ ಮೇಲೆ ಎದುರುಬದುರು. ಯಾರಿಗೂ ಮುಂದೆ ಜಾಗವಿಲ್ಲ, ಹಿಂದೆ ಸರಿಯಲೂ ಇಲ್ಲ. ಗೇಟಿನ ಎರಡೂ ಕಡೆ 40–50 ಮೀಟರ್ ಉದ್ದಕ್ಕೆ ನಡುವೆ ಗಟ್ಟಿ ವಿಭಜಕ ಅಥವಾ ಬಗ್ಗುವ ಕಂಬಗಳ ಸಾಲು ಹಾಕಿದರೆ ಎಡಭಾಗ ಬಿಟ್ಟು ಬಲಕ್ಕೆ ನುಗ್ಗಲು ಆಗುವುದಿಲ್ಲ. ಹಗ್ಗ ಕಟ್ಟಿದರೆ ನಿಲ್ಲುವುದಿಲ್ಲ, ಎರಡೇ ದಿನಕ್ಕೆ ತುಂಡಾಗುತ್ತದೆ. ಗೇಟಿನಿಂದಾಚೆ 30 ಮೀಟರ್‌ವರೆಗೆ ಆಟೋ ನಿಲ್ದಾಣ, ತಳ್ಳುಗಾಡಿ ಇರಬಾರದು. ಹೊರಬರುವ ವಾಹನಕ್ಕೆ ಬಾಯಿ ಬೇಕು.

ಗೇಟು ಬಿದ್ದ ಕೂಡಲೇ ಎಂಜಿನ್ ಆರಿಸಿ. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಮತ್ತೆ ಸ್ಟಾರ್ಟ್ ಮಾಡುವ ಖರ್ಚಿಗಿಂತ ಉಳಿತಾಯವೇ ಜಾಸ್ತಿ.

ಫ್ಲೈಓವರ್ ಕಟ್ಟಿದರೆ?

ರೈಲು ಹಳಿಯ ಮೇಲಿನ ಸೇತುವೆ ಬೇರೆ, ಪೇಟೆಯ ಮೇಲಿನ ಫ್ಲೈಓವರ್ ಬೇರೆ. ಕಪಿಲೇಶ್ವರದ ಬಳಿ, ಗೋಗಟೆ ವೃತ್ತದ ಬಳಿ ಇರುವಂಥ ರೈಲ್ವೆ ಮೇಲ್ಸೇತುವೆ ಒಂದು ನಿಜವಾದ ಅಡ್ಡಿಯನ್ನೇ ತೆಗೆಯುತ್ತದೆ. ಪೇಟೆಯ ಮೇಲೆ ಹಾದುಹೋಗುವ ಫ್ಲೈಓವರ್ ಮಾತ್ರ, ಪೇಟೆಗೆ ಬರದೆ ಆಚೆ ಹೋಗುವವರಿಗೆ ಉಪಯೋಗ. ಆದ್ದರಿಂದ ಕಟ್ಟುವ ಮೊದಲು ಕೇಳಬೇಕಾದ್ದು: ಬರುವ ನೂರರಲ್ಲಿ ಎಷ್ಟು ವಾಹನ ನೇರ ಆಚೆ ಹೋಗುತ್ತವೆ? ಇಳಿಯುವ ಕಡೆಯ ವೃತ್ತಕ್ಕೆ ಅಷ್ಟನ್ನು ನುಂಗುವ ಶಕ್ತಿ ಇದೆಯೇ? ಅಲ್ಲದೆ ರಸ್ತೆ ಸಲೀಸಾದರೆ ಈವರೆಗೆ ಬಸ್ಸು ಹಿಡಿಯುತ್ತಿದ್ದವರು, ಬೇರೆ ಹೊತ್ತಿಗೆ ಹೋಗುತ್ತಿದ್ದವರು ಅಲ್ಲಿಗೇ ಬರುತ್ತಾರೆ. ಇದು ಅನೇಕ ದೇಶಗಳ ನಗರಗಳಲ್ಲಿ ಕಂಡದ್ದು.

ಸಿಟಿ ಬಸ್ಸು ಹೊತ್ತಿಗೆ ಬರುವುದಿಲ್ಲ. ಮತ್ತೆ ಬಸ್ಸು ಹತ್ತಿ ಎನ್ನುತ್ತೀರಲ್ಲ?

ದೂರು ನ್ಯಾಯವಾದದ್ದು. ಆದರೆ ಬಸ್ಸನ್ನು ತಡ ಮಾಡುವುದು ಬಹುಪಾಲು ದಟ್ಟಣೆಯೇ. ಒಂದು ಮಾರ್ಗದಲ್ಲಿ ಬೇಕಾದ ಬಸ್ಸುಗಳ ಸಂಖ್ಯೆ ತಿಳಿಯಲು ಹೋಗಿ ಬರುವ ಹೊತ್ತನ್ನು ಎರಡು ಬಸ್ಸುಗಳ ನಡುವಿನ ಅಂತರದಿಂದ ಭಾಗಿಸಬೇಕು. ಕೇಂದ್ರ ಬಸ್ ನಿಲ್ದಾಣದಿಂದ ಹೊರಟು ಮರಳಲು 60 ನಿಮಿಷ ಹಿಡಿದರೆ, 10 ನಿಮಿಷಕ್ಕೊಂದು ಬಿಡಲು 6 ಬಸ್ಸು ಸಾಕು. ದಟ್ಟಣೆಯಿಂದ 80 ನಿಮಿಷವಾದರೆ ಅದೇ ಸೇವೆಗೆ 8 ಬಸ್ಸು, ಹೆಚ್ಚಿನ ಚಾಲಕರು, ನಿರ್ವಾಹಕರು. ಹೊಸ ಬಸ್ಸು ಇಲ್ಲವೆಂದರೆ ಅಂತರ 13 ನಿಮಿಷಕ್ಕೆ ಹೋಗುತ್ತದೆ. ಕಾಯಲಾರದವರು ಸ್ಕೂಟರ್ ಕೊಳ್ಳುತ್ತಾರೆ, ದಟ್ಟಣೆ ಇನ್ನಷ್ಟು ಬೆಳೆಯುತ್ತದೆ. ಈ ಸುಳಿಯಿಂದ ಹೊರಬರಲು ಮೊದಲು ಬಸ್ಸಿನ ದಾರಿ ಬಿಡಿಸಬೇಕು.

ನಿಲ್ದಾಣವನ್ನು ವೃತ್ತಕ್ಕೆ ಮೊದಲು ಇಡದೆ, ದಾಟಿದ ಮೇಲೆ 30–40 ಮೀಟರ್ ಆಚೆ ಇಡಬೇಕು. ಮೊದಲೇ ಇದ್ದರೆ ಜನ ಹತ್ತುವಷ್ಟರಲ್ಲಿ ಹಸಿರು ಮುಗಿದು ಬಸ್ಸು ಎರಡು ಸಲ ನಿಲ್ಲುತ್ತದೆ. ನಿಲ್ದಾಣದಲ್ಲಿ ಬಸ್ಸಿನ 12 ಮೀಟರ್‌ಗೆ ಒಳಬರಲು, ಹೊರಹೋಗಲು ಸೇರಿಸಿ ಕನಿಷ್ಠ 25–30 ಮೀಟರ್ ಬದಿ ಖಾಲಿ ಇರಬೇಕು. ಅಲ್ಲಿ ಎರಡು ಆಟೋ ನಿಂತಿದ್ದರೆ ಚಾಲಕ ನಡುರಸ್ತೆಯಲ್ಲೇ ನಿಲ್ಲಿಸುತ್ತಾನೆ, ಹಿಂದಿನ ಸಾಲು ಪೂರ್ತಿ ನಿಲ್ಲುತ್ತದೆ. ತಪ್ಪು ಬಸ್ಸಿನದೆಂದು ಎಲ್ಲರಿಗೂ ಕಾಣುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಸೀಟು ತುಂಬಿದ ಬಸ್ಸು ದಟ್ಟಣೆಯ ಲೆಕ್ಕದಲ್ಲಿ ಲಾಭವೇ. ತುಂಬಿ ತುಳುಕುವ ಬಸ್ಸು ಹಾಗಲ್ಲ, ಹತ್ತಿಳಿಯಲು ನಿಲ್ದಾಣಕ್ಕೆ ಒಂದೊಂದು ನಿಮಿಷ ತಿನ್ನುತ್ತದೆ. ಹಿಂದಿನಿಂದ ಹತ್ತಿ ಮುಂದಿನಿಂದ ಇಳಿಯುವ ಶಿಸ್ತು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಹುಬ್ಬಳ್ಳಿ–ಧಾರವಾಡದ ಚಿಗರಿಯಂಥ ಪ್ರತ್ಯೇಕ ಬಸ್ ಪಥ ನಮಗೂ ಬೇಕೇ?

ಅದು ಎರಡು ಊರುಗಳನ್ನು ಜೋಡಿಸುವ ಸುಮಾರು 22 ಕಿ.ಮೀ. ಉದ್ದದ ಅಗಲ ಹಾದಿ. ಬೆಳಗಾವಿಯ ಪೇಟೆ ರಸ್ತೆಗಳಿಗೆ ಆ ಅಗಲವಿಲ್ಲ. ಇಲ್ಲಿ ವೃತ್ತಗಳ ಬಳಿ ಬಸ್ಸಿಗೆ ಮೊದಲ ಹಸಿರು, ತೆರವಾದ ನಿಲ್ದಾಣ, ಇಷ್ಟರಿಂದಲೇ ಹೆಚ್ಚು ಸಿಗುತ್ತದೆ.

ಎಲೆಕ್ಟ್ರಿಕ್ ಸ್ಕೂಟರ್ ಕೊಂಡರೆ ನನ್ನ ಪಾಲು ಮುಗಿಯಿತಲ್ಲ?

ಹೊಗೆ, ಸದ್ದು, ಇಂಧನದ ಖರ್ಚು ಇಳಿಯುತ್ತವೆ, ಅದು ದೊಡ್ಡದೇ. ಒಂದು ಯೂನಿಟ್ ವಿದ್ಯುತ್ತಿಗೆ 30–40 ಕಿ.ಮೀ. ಓಡುತ್ತದೆ. ಆದರೆ ಅದು ತಿನ್ನುವ ರಸ್ತೆ, ನಿಲ್ಲುವ ಜಾಗ ಪೆಟ್ರೋಲ್ ಸ್ಕೂಟರಿನಷ್ಟೇ. ಜಾಮ್ ಕರಗಿಸಲು ಎಲೆಕ್ಟ್ರಿಕ್ ಬಸ್ಸು ಬೇಕು. ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆ 2011ರ ಜನಗಣತಿಯಂತೆ 3 ಲಕ್ಷ ಮೀರಿದ ನಗರಗಳಿಗಾಗಿ, ಒಟ್ಟು 10,000 ಬಸ್ಸುಗಳಿಗೆ. ಬೆಳಗಾವಿ ಆ ಜನಸಂಖ್ಯೆಯ ಮಿತಿಯನ್ನು ದಾಟಿದ ನಗರ.

ಖಡೇಬಜಾರದಲ್ಲಿ ಪಾರ್ಕಿಂಗ್‌ಗೆ ದುಡ್ಡು ಹಾಕಿದರೆ ಗಿರಾಕಿ ಬರುವುದಿಲ್ಲ ಎನ್ನುತ್ತಾರೆ.

ಒಂದು ಕಾರು ನಿಲ್ಲಲು 2.5 ಮೀಟರ್ ಅಗಲ, 5 ಮೀಟರ್ ಉದ್ದ, ಅಂದರೆ 12.5 ಚದರ ಮೀಟರ್ ಬೇಕು. ಖಡೇಬಜಾರದಲ್ಲಿ ಅಷ್ಟು ಮಳಿಗೆಗೆ ಬಾಡಿಗೆ ಎಷ್ಟೆಂದು ಅಂಗಡಿಕಾರರಿಗೇ ಗೊತ್ತು. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಆ ಜಾಗದಲ್ಲಿ ಮಾಲೀಕರದೇ ವಾಹನ ನಿಂತರೆ ಅದು ಒಂದೇ ವಾಹನದ ಪಾಲು. 45 ನಿಮಿಷಕ್ಕೊಬ್ಬರಂತೆ ಬದಲಾದರೆ 16 ಗಿರಾಕಿಗಳಿಗೆ ಸಿಗುತ್ತದೆ. ಬೆಲೆ ಹೇಗಿರಬೇಕೆಂದರೆ ಹತ್ತು ಜಾಗದಲ್ಲಿ ಒಂದೆರಡು ಸದಾ ಖಾಲಿ ಇರಬೇಕು. ಎಲ್ಲ ತುಂಬಿದ್ದರೆ ಬೆಲೆ ಕಡಿಮೆಯಾಯಿತು, ಅರ್ಧ ಖಾಲಿಯಾದರೆ ಹೆಚ್ಚಾಯಿತು. ಮೊದಲ ಅರ್ಧ ಗಂಟೆಗೆ ಕಡಿಮೆ, ನಂತರ ಏರುತ್ತಾ ಹೋಗುವ ದರ ಒಳ್ಳೆಯದು. ಪಾರ್ಕಿಂಗ್ ಹುಡುಕುತ್ತಾ ಗಲ್ಲಿ ಗಲ್ಲಿ ಸುತ್ತುವ ವಾಹನಗಳು ತಗ್ಗಿದರೆ ದಟ್ಟಣೆಯೂ ತಗ್ಗುತ್ತದೆ. ಬಂದ ಹಣವನ್ನು ಅದೇ ಬೀದಿಯ ಪಾದಚಾರಿ ಮಾರ್ಗ, ದೀಪ, ಶೌಚಾಲಯಕ್ಕೆ ಹಾಕಿದರೆ ವಿರೋಧವೂ ಕಡಿಮೆ.

ಲಂಡನ್‌ನಂತೆ ಪೇಟೆಗೆ ಬರುವ ಕಾರುಗಳಿಗೆ ಶುಲ್ಕ?

ಸಿಂಗಾಪುರ 1975ರಲ್ಲೇ ಶುರು ಮಾಡಿತು, ಲಂಡನ್ 2003ರಲ್ಲಿ. ಸ್ಟಾಕ್‌ಹೋಮ್ 2006ರಲ್ಲಿ ಪ್ರಯೋಗ ನಡೆಸಿ, ಜನರ ಮತ ಕೇಳಿ, 2007ರಲ್ಲಿ ಕಾಯಂ ಮಾಡಿತು. ಅಲ್ಲಿ ಒಳಬರುವ ವಾಹನ ಸುಮಾರು ಐದನೇ ಒಂದರಷ್ಟು ತಗ್ಗಿತು. ಆ ಊರುಗಳಲ್ಲಿ ಕಾರು ಬಿಟ್ಟವರಿಗೆ ಹತ್ತಲು ಬಸ್ಸು, ರೈಲು ಸಿದ್ಧವಿದ್ದವು. ಬೆಳಗಾವಿಗೆ ಸದ್ಯ ಸರಿಯಾದ ಪಾರ್ಕಿಂಗ್ ದರವೇ ಸಾಕು.

ಗಣಪತಿ ಗಲ್ಲಿಯ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದರೆ ರಸ್ತೆ ಸಿಗುತ್ತದಲ್ಲ?

2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಅದೇ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸದಸ್ಯರು ವ್ಯಾಪಾರಿಗಳೇ ಇರಬೇಕು. ಒಂದು ಕಾರು ನಿಲ್ಲುವ ಜಾಗದಲ್ಲಿ ಐದಾರು ಕುಟುಂಬಗಳ ಬುಟ್ಟಿ ವ್ಯಾಪಾರ ನಡೆಯುತ್ತದೆ ಎಂಬುದನ್ನು ಮರೆಯಬಾರದು. ಸಾಲು ಗೆರೆ ಎಳೆದು, ನಡೆಯಲು 2.5 ಮೀಟರ್ ಬಿಡಿಸಿ, ಹಬ್ಬದ ವಾರಗಳಲ್ಲಿ ಗಲ್ಲಿಗೆ ವಾಹನವನ್ನೇ ನಿಲ್ಲಿಸುವುದು ನಮಗೆ ಸರಿ ಕಾಣುತ್ತದೆ.

ನಡೆಯುವವರಿಗೆ, ಸೈಕಲ್‌ನವರಿಗೆ ಏನು ಬೇಕು?

ಮನೆ ಪ್ರದೇಶದಲ್ಲಿ 1.8 ಮೀಟರ್, ಅಂಗಡಿ ಬೀದಿಯಲ್ಲಿ 2.5 ಮೀಟರ್ ಅಡೆತಡೆಯಿಲ್ಲದ ಪಾದಚಾರಿ ಮಾರ್ಗ. ಎತ್ತರ 15 ಸೆಂಟಿಮೀಟರ್ ಮೀರಬಾರದು. ನಮ್ಮಲ್ಲಿ ಚರಂಡಿಯ ಮೇಲೆ ಚಪ್ಪಡಿ ಹಾಕಿ ಒಂದಡಿಗೂ ಮೇಲೆ ಎತ್ತುತ್ತಾರೆ, ಪ್ರತಿ ಮನೆಯ ಗೇಟಿನ ಮುಂದೆ ಇಳಿಸುತ್ತಾರೆ. ಹತ್ತಿ ಇಳಿದು ಮಂಡಿ ನೋವಾದವರು ರಸ್ತೆಗೇ ಇಳಿಯುತ್ತಾರೆ, ಅಲ್ಲಿಗೆ ಎಡಗಡೆಯ ಲೇನ್ ಅರ್ಧ ಹೋಯಿತು. ಸೈಕಲ್‌ಗೆ ನಮ್ಮ ಹವೆ ಅನುಕೂಲ: 4 ಕಿ.ಮೀ. ದೂರಕ್ಕೆ 16 ನಿಮಿಷ. ಮಳೆಗಾಲದ ನಾಲ್ಕು ತಿಂಗಳಿಗೆ ಮಡ್‌ಗಾರ್ಡ್, ಹಿಂದಿನ ದೀಪ ಕಡ್ಡಾಯವೆಂದೇ ತಿಳಿಯಿರಿ.

ಕಬ್ಬಿನ ಟ್ರ್ಯಾಕ್ಟರ್ ಮತ್ತು ಸರಕಿನ ಗಾಡಿಗಳು?

ಕಬ್ಬು ನುರಿಸುವ ತಿಂಗಳುಗಳಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಸಿಗ್ನಲ್‌ನಲ್ಲಿ ನಿಂತು ಹೊರಡುವಷ್ಟರಲ್ಲಿ ಹಸಿರು ಅರ್ಧ ಮುಗಿಯುತ್ತದೆ. ಬೆಳಿಗ್ಗೆ 8ರಿಂದ 11, ಸಂಜೆ 4ರಿಂದ 8 ಊರೊಳಗೆ ಬಿಡದೆ ಹೆದ್ದಾರಿಯ ಕಡೆಗೇ ತಿರುಗಿಸಬೇಕು. ಕಾಯಲು ಊರ ಹೊರಗೆ ನೀರು, ನೆರಳು ಇರುವ ಜಾಗವನ್ನೂ ಕೊಡಬೇಕು, ಇಲ್ಲವಾದರೆ ರಸ್ತೆ ಬದಿಯಲ್ಲೇ ಸಾಲಾಗುತ್ತವೆ. ಹಿಂಬದಿಗೆ ಪ್ರತಿಫಲಕ ಪಟ್ಟಿ ಇಲ್ಲದ ಟ್ರೇಲರ್ ರಾತ್ರಿ ಪ್ರಾಣ ತೆಗೆಯುತ್ತದೆ. ರವಿವಾರ ಪೇಟೆಯ ಸಗಟು ಸರಕಿಗೆ ಬೆಳಿಗ್ಗೆ 9ರೊಳಗೆ ಮತ್ತು ಮಧ್ಯಾಹ್ನ 1–3 ಎಂಬ ಹೊತ್ತು ಗೊತ್ತು ಮಾಡಿ, ಇಳಿಸಲು ಗುರುತಿಸಿದ ಜಾಗ ಕೊಟ್ಟರೆ ಹಮಾಲರಿಗೂ ಅನುಕೂಲ.

ಶಾಲೆ ಬಿಡುವ ಹೊತ್ತಿನ ಜಾಮ್?

ಒಂದೇ ರಸ್ತೆಯ ಶಾಲೆಗಳು 15–20 ನಿಮಿಷ ಅಂತರದಲ್ಲಿ ಬಿಡಲಿ. ಪಾಲಕರು 200 ಮೀಟರ್ ದೂರ ನಿಲ್ಲಿಸಿ ನಡೆದು ಬರಲಿ.

ವಿಜಯಪುರ, ಬಾಗಲಕೋಟೆಗೂ ಇದೇ ಅನ್ವಯಿಸುತ್ತದೆಯೇ?

ಲೆಕ್ಕ ಒಂದೇ, ರೋಗ ಬೇರೆ. ಆಲಮಟ್ಟಿ ಹಿನ್ನೀರಿನಿಂದ ಸ್ಥಳಾಂತರಗೊಂಡವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರದಲ್ಲಿ ರಸ್ತೆ ಅಗಲ, ಆದರೆ ಸೆಕ್ಟರ್‌ನಿಂದ ಸೆಕ್ಟರ್‌ಗೆ ದೂರ. ಅಲ್ಲಿ ಬೇಕಾದ್ದು ಬಸ್ಸು, ನೆರಳು. ವಿಜಯಪುರದ ಗಾಂಧಿ ಚೌಕದ ಸುತ್ತ ಪಾರ್ಕಿಂಗ್ ಮತ್ತು ವೃತ್ತದ ಬಾಯಿಯ ಮಾತೇ ಮುಖ್ಯ.

ನಮ್ಮ ವೃತ್ತ ಸರಿಪಡಿಸಿ ಎಂದು ಯಾರಿಗೆ, ಹೇಗೆ ಕೇಳಬೇಕು?

ಮೊದಲು ರಸ್ತೆ ಯಾರದೆಂದು ತಿಳಿಯಿರಿ. ಕ್ಯಾಂಪ್ ಪ್ರದೇಶ ದಂಡು ಮಂಡಳಿಯದು, ಊರೊಳಗಿನ ಬಹುಪಾಲು ಮಹಾನಗರ ಪಾಲಿಕೆಯದು, ಕೆಲವು ಲೋಕೋಪಯೋಗಿ ಇಲಾಖೆಯದು, ಹೆದ್ದಾರಿ ಪ್ರಾಧಿಕಾರದ್ದಾದರೆ ಸಹಾಯವಾಣಿ 1033. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ತಿಂಗಳುಗಟ್ಟಲೆ ಮಲಗುತ್ತದೆ.

ಎರಡನೆಯದು, ಎಣಿಸಿ. ಮಂಗಳವಾರದಿಂದ ಗುರುವಾರದೊಳಗೆ, ರಜೆ ಮತ್ತು ಹಬ್ಬ ಇಲ್ಲದ ಎರಡು ದಿನ, ಬೆಳಿಗ್ಗೆ 9ರಿಂದ 10, ಸಂಜೆ 5.30ರಿಂದ 6.30. ಒಂದು ದಿಕ್ಕಿಗೆ ಇಬ್ಬರು: ಒಬ್ಬರು ದ್ವಿಚಕ್ರ, ಇನ್ನೊಬ್ಬರು ಉಳಿದವು. ಎಡ, ನೇರ, ಬಲ ಎಂದು ಮೂರು ಕಲಂ. 15 ನಿಮಿಷಕ್ಕೊಮ್ಮೆ ಹೊಸ ಹಾಳೆ. ರಸ್ತೆ ದಾಟಿದ ಜನರನ್ನೂ ಎಣಿಸಿ, ಇದನ್ನೇ ಎಲ್ಲರೂ ಬಿಡುತ್ತಾರೆ. ಕಾರಿನ ಸಮಾನದಿಂದ ಗುಣಿಸಿ. ನಿಲುಗೆರೆಯಿಂದ 70 ಮೀಟರ್ ಟೇಪ್ ಹಿಡಿದು, ಯಾವ ಯಾವ ಅಂತರದಲ್ಲಿ ಏನು ನಿಂತಿದೆ ಎಂದು ನಕ್ಷೆ ಬರೆಯಿರಿ, ಗಂಟೆ ಕಾಣುವಂತೆ ಫೋಟೋ ತೆಗೆಯಿರಿ.

ಮೂರನೆಯದು, ಒಂದೇ ಪುಟದ ಅರ್ಜಿ, ಒಂದೇ ಬೇಡಿಕೆ. ‘ಟ್ರಾಫಿಕ್ ಸಮಸ್ಯೆ ಬಗೆಹರಿಸಿ’ ಎಂದು ಬರೆಯದೆ ‘ಇಂಥ ಕಂಬದಿಂದ ಇಂಥ ಕಂಬದವರೆಗೆ 60 ಮೀಟರ್ ನಿಲುಗಡೆ ನಿಷೇಧಿಸಿ, ಆಟೋ ನಿಲ್ದಾಣವನ್ನು ಇಂಥ ಕಡೆಗೆ ಸರಿಸಿ’ ಎಂದು ಬರೆಯಿರಿ. ಆಟೋ ಚಾಲಕರ ಸಹಿಯನ್ನು ಮೊದಲೇ ಪಡೆಯಿರಿ. ಅವರಿಗೆ ಒಪ್ಪಿಗೆಯಾಗುವ ಬದಲಿ ಜಾಗವಿಲ್ಲದ ಬೇಡಿಕೆ ವಾರದೊಳಗೆ ಮುರಿಯುತ್ತದೆ. ಪ್ರತಿಯನ್ನು ಸಂಚಾರ ಪೊಲೀಸರಿಗೂ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಅರ್ಜಿಯ ಮೇಲೆ ಏನು ಕ್ರಮವಾಯಿತೆಂದು ಮಾಹಿತಿ ಹಕ್ಕಿನಡಿ ಕೇಳಿ; 30 ದಿನದೊಳಗೆ ಉತ್ತರ ಕೊಡಬೇಕು. ಕೆಲಸವಾದ ಮೇಲೆ ಅದೇ ಹೊತ್ತಿಗೆ, ಅದೇ ಹಾಳೆ ಹಿಡಿದು ಮತ್ತೊಮ್ಮೆ ಎಣಿಸಿ, ಮುಂದಿನ ವೃತ್ತದ ಅರ್ಜಿಗೆ ಆ ಎರಡೂ ಹಾಳೆಗಳನ್ನು ಲಗತ್ತಿಸಿ.